ಗಾಳಿಗುಳ್ಳೆ

"ಗಾಳಿಗುಳ್ಳೆ ಇರ್ಬೇಕು ಮೇಡಂ. ನನ್ನ ಕೆಲಸದ ತಪ್ಪು ಅದು."

ಹಲ್ಲು ಕಟ್ಟುವವನು ಪರದೆಯ ಮೇಲಿದ್ದ ದವಡೆಯ ಸ್ಕ್ಯಾನಿನಲ್ಲಿ ಕಂಡ ಕಪ್ಪು ಚುಕ್ಕೆಗೆ ಬೆರಳು ತಾಗಿಸಿ ಹೇಳಿದ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಅವನ ಬಾಯಿಂದ ಈ ಮಾತು ಬಂದದ್ದು ಇದೇ ಮೊದಲು. ಊರಿನ ಎಷ್ಟೋ ಜನ ಅವನು ಕಟ್ಟಿದ ಹಲ್ಲಿನಲ್ಲೇ ನಗುತ್ತಾರೆ. ಹೊಂದುತ್ತಿಲ್ಲ ಎಂದು ಯಾರಾದರೂ ಬಂದರೆ, ತಪ್ಪು ಹಲ್ಲಿನದಲ್ಲ, ಬಾಯಿಯದು ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸುವ ಆಸಾಮಿ. ಅಂಥವನು ಈಗ, ತಪ್ಪು ನನ್ನದೇ ಅನ್ನಿ ಎಂದು ಡಾಕ್ಟರಮ್ಮನ ಮುಂದೆ ಅಂಗಲಾಚುತ್ತಿದ್ದ.

ಪಕ್ಕದ ಕುರ್ಚಿಯಲ್ಲಿ ಅವನ ಹೆಂಡತಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿಗೆ ಕಾಯುವವಳಂತೆ ಕೂತಿದ್ದಳು. ಎರಡು ವರ್ಷದ ಹಿಂದೆ ಅವಳ ಕೆಳದವಡೆಯಲ್ಲಿ ಕ್ಯಾನ್ಸರ್ ಗಂಟೆದ್ದು, ಆಪರೇಷನ್ ಆಗಿ, ಕೆಳಸಾಲಿನ ಹಲ್ಲೆಲ್ಲ ಹೋಗಿದ್ದವು. ಗಾಯ ಮಾಗಿದ ಮೇಲೆ, ಎಲ್ಲರಂತೆ ಹಲ್ಲಿನ ಕಟ್ಟು ಲೋಹದ್ದೇ ಹಾಕಿಸಿದರಾಯಿತು ಎಂದವರಿಗೆ ಅಡ್ಡ ನಿಂತವನು ಅವನೇ. ಲೋಹವಿದ್ದರೆ ಸ್ಕ್ಯಾನಿನಲ್ಲಿ ಬೆಳ್ಳಗೆ ಚೆಲ್ಲಿಕೊಂಡು ಅದರ ಅಕ್ಕಪಕ್ಕ ಏನಿದೆಯೆಂದು ಕಾಣುವುದಿಲ್ಲ. ಕಾರ್ಬನ್ ಎಳೆಯದಾದರೆ ಕಿರಣ ಸಲೀಸಾಗಿ ಹಾದುಹೋಗಿ ಕೆಳಗಿನ ಮೂಳೆ ತಿಳಿಯಾಗಿ ಕಾಣುತ್ತದೆ. ಮೂಳೆಗಿಳಿಸುವ ಕೃತಕ ಬೇರುಗಳನ್ನೂ ಅದರದ್ದೇ ತರಿಸಿದ. ಬೇರುಗಳ ಮೇಲೆ ಕೂತು ಹಲ್ಲಿನ ಸಾಲನ್ನು ಹೊರುವ ಕಮಾನನ್ನು ತಾನೇ ಕಟ್ಟಿದ. ಕೂದಲಿಗಿಂತ ಸಣ್ಣ ಕರಿ ಎಳೆಗಳನ್ನು ಅಂಟಿನಲ್ಲಿ ಅದ್ದಿ, ಒಂದರ ಮೇಲೊಂದು ಒತ್ತಿ, ನಡುವೆ ಗಾಳಿ ಸಿಕ್ಕಿಕೊಳ್ಳದಂತೆ ಕಾಯಿಸಿ ಗಟ್ಟಿ ಮಾಡಬೇಕು. ಒಂಬತ್ತು ದಿನ ಹಿಡಿದಿತ್ತು. "ಇನ್ನು ನಿನ್ನ ದವಡೆ ನಮ್ಮಿಂದ ಏನೂ ಮುಚ್ಚಿಡೋಕಾಗಲ್ಲ ಬಿಡೇ," ಎಂದು ಆಗ ಬೀಗಿದ್ದ.

"ಇದು ಕಮಾನಿನಲ್ಲಿಲ್ಲ, ಅದರ ಕೆಳಗೆ ಮೂಳೆಯಲ್ಲಿದೆ ಅಂತ ನನಗನ್ಸುತ್ತೆ," ಎಂದರು ಡಾಕ್ಟರಮ್ಮ. "ಆದ್ರೂ ನೋಡೋಣ. ಕಮಾನು ಬಿಚ್ಚಿ ಕೊಡ್ತೀನಿ. ನಾಳೆ ಬೆಳಿಗ್ಗೆ ಅದಿಲ್ದೆ ಇನ್ನೊಂದು ಸ್ಕ್ಯಾನ್ ತೆಗೆಸಿ. ಚುಕ್ಕೆ ಕಾಣದಿದ್ರೆ ನಿಮ್ಮ ಕೆಲಸದ್ದೇ ತಪ್ಪು."

ಕಂಡರೆ ಗಂಟು ಮತ್ತೆ ಎದ್ದಿದೆ ಎಂದೇ ಅರ್ಥ; ಅದು ಮೂವರಿಗೂ ಗೊತ್ತಿತ್ತು.

ನಾಳೆ ಬೆಳಿಗ್ಗೆಯವರೆಗೆ ಕಾಯುವುದು ಅವನಿಂದಾಗಲಿಲ್ಲ. ಬಿಚ್ಚಿಕೊಟ್ಟ ಕಮಾನನ್ನು ಹಿಡಿದು ಆಸ್ಪತ್ರೆಯಿಂದ ನೇರ ತನ್ನ ಲ್ಯಾಬಿಗೆ ನಡೆದ. ಹೆಂಡತಿ ಹಿಂದೆಯೇ ಬಂದಳು. ಮಧ್ಯಾಹ್ನದ ಬಿಸಿಲಲ್ಲಿ ಜನ ತಮ್ಮ ಪಾಡಿಗೆ ತಾವು ಓಡಾಡುತ್ತಿದ್ದರು. ಅವನಿಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಏನೂ ಆಗುತ್ತಿಲ್ಲವಲ್ಲ ಎಂದಷ್ಟೇ ಅನ್ನಿಸುತ್ತಿತ್ತು. ಲ್ಯಾಬಿನ ಬೀಗ ತೆಗೆದು, ದೀಪ ಹಾಕಿ, ಕಮಾನನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿದ.

"ರೀ, ಅದನ್ನ ಕತ್ತರಿಸ್ತೀರಾ?" ಹಲ್ಲಿಲ್ಲದೆ ಅವಳ ಮಾತು ಗಾಳಿಗಾಳಿಯಾಗಿ ಬಂತು.

"ಹ್ಞೂಂ. ಒಳಗೆ ಗುಳ್ಳೆ ಇದ್ರೆ ಈಗಲೇ ಗೊತ್ತಾಗುತ್ತೆ."

"ಮತ್ತೆ ನಾನೇನು ಹಾಕ್ಕೊಳ್ಳಲಿ?"

"ಹೊಸದು ಕಟ್ಟಿಕೊಡ್ತೀನಿ."

"ಚೆನ್ನಾಯ್ತು. ಹಲ್ಲು ಕಟ್ಟೋನನ್ನ ಮದುವೆಯಾಗಿ ಬೊಚ್ಚುಬಾಯಲ್ಲಿ ಕೂತಿರೋಳು ನಾನೊಬ್ಬಳೇ ಇರ್ಬೇಕು."

ಅವನು ಗುಂಡಿ ಒತ್ತಿದ. ಕತ್ತರಿಸುವ ಚಕ್ರ ಕೀರಲು ದನಿಯಲ್ಲಿ ತಿರುಗಿತು. ಕೃತಕ ಗುಲಾಬಿ ಒಸಡು, ಬಿಳಿ ಹಲ್ಲು, ಆಮೇಲೆ ಎಳೆಗಳ ಕಪ್ಪು ಪುಡಿ. ಚುಕ್ಕೆ ಕಂಡ ಜಾಗದಲ್ಲೇ ಕಮಾನು ಎರಡಾಯಿತು. ಕೊಯ್ದ ಮುಖವನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದ. ಎಳೆಗಳು ಒಂದರ ಮಗ್ಗುಲಿಗೊಂದು ಒತ್ತಾಗಿ ಮಲಗಿದ್ದವು. ಸೂಜಿಮೊನೆಯಷ್ಟೂ ತೂತಿಲ್ಲ. ಅದರ ಪಕ್ಕದಲ್ಲಿ ಕತ್ತರಿಸಿದ. ಆ ಕಡೆ ಕತ್ತರಿಸಿದ. ಬೇರೆ ಯಾರ ಕೆಲಸವಾಗಿದ್ದರೂ ಬೆನ್ನು ತಟ್ಟುತ್ತಿದ್ದ. ಇಷ್ಟು ಅಚ್ಚುಕಟ್ಟಾಗಿ ಯಾಕಾದರೂ ಮಾಡಿದೆನೋ ಎಂದು ತನ್ನ ಕೈಯನ್ನು ತಾನೇ ಶಪಿಸಿಕೊಂಡ.

"ಸಿಕ್ತಾ?"

"ಇನ್ನೂ ಇಲ್ಲ."

ಅವಳು ಒಂದು ತುಂಡನ್ನೆತ್ತಿ ಕೊಯ್ದ ಕಡೆ ಹೆಬ್ಬೆರಳಾಡಿಸಿದಳು. "ಲೋಹದ್ದೇ ಹಾಕಿದ್ರೆ ಇವತ್ತು ಆ ಚುಕ್ಕೆ ಕಾಣ್ತಾನೇ ಇರ್ಲಿಲ್ಲ, ಅಲ್ವಾ?"

ಅವನು ಚಕ್ರ ನಿಲ್ಲಿಸಿದ. ಅವಳು ತಪ್ಪು ಹೊರಿಸುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹತ್ತಿರ ಕೇಳುತ್ತಿದ್ದಳು, ಅಷ್ಟೆ.

"ಇಲ್ಲ," ಎಂದ. "ಕಾಣ್ತಿರ್ಲಿಲ್ಲ."

"ಹಂಗಾದ್ರೆ ಇವತ್ತು ಸಿನಿಮಾಗೆ ಹೋಗಿರ್ತಿದ್ವಿ." ಅವಳು ತುಂಡನ್ನು ಮೇಜಿನ ಮೇಲಿಟ್ಟಳು. "ಆದ್ರೂ ಭಾಳ ಚೆನ್ನಾಗಿ ಕಟ್ಟಿದ್ರಿ ರೀ."

ಕಮಾನಿನಲ್ಲಿ ಇನ್ನು ಉಗುರಿನಷ್ಟು ಅಗಲದ ಒಂದು ತುಂಡು ಮಾತ್ರ ಕತ್ತರಿಸದೆ ಉಳಿದಿತ್ತು. ಅದನ್ನು ಇಕ್ಕಳಕ್ಕೆ ಸಿಕ್ಕಿಸಲು ನೋಡಿದ; ಬೆರಳಿಂದ ಜಾರಿತು, ಮತ್ತೆ ಜಾರಿತು. ಅವಳು ಎದ್ದು ಬಂದು, ಆ ತುಂಡನ್ನು ಇಕ್ಕಳದ ಬಾಯಲ್ಲಿ ನೇರವಾಗಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ದೀಪವನ್ನು ಹತ್ತಿರಕ್ಕೆ ಬಗ್ಗಿಸಿದಳು.