ನಲವತ್ತರಲ್ಲಿ ಹಸು, ಎಂಬತ್ತರಲ್ಲಿ ಹುಲಿಯಾದ ಪಿಕಪ್

ನಮ್ಮ ಬೀದಿಯ ಗಾಜಿನಂಗಡಿಯ ಪಿಕಪ್ ಗಾಡಿ ನಡುಗಿದಷ್ಟು ಈ ಭೂಮಿಯ ಮೇಲೆ ಇನ್ಯಾವುದೂ ನಡುಗಿಲ್ಲ. ಭೂಕಂಪ ಅದರ ಮುಂದೆ ತೊಟ್ಟಿಲು. ಒಮ್ಮೆ ನಾನು ಆ ಗಾಡಿಯಲ್ಲಿ ಹೆದ್ದಾರಿಯ ಗುಂಟ ಹೋಗಿ ಬಂದೆ. ಹೋಗುವಾಗ ಅಂಗಿಯ ತುಂಬ ಗುಂಡಿಗಳಿದ್ದವು, ಬರುವಾಗ ಬರೀ ತೂತುಗಳು. ನಂಬದವರು ನನ್ನ ಕ್ಷೌರದಂಗಡಿಗೆ ಬನ್ನಿ, ಗಾಜಿನಂಗಡಿಗೂ ನನ್ನದಕ್ಕೂ ನಡುವೆ ಒಂದೇ ಗೋಡೆ. ಅಂಗಿ ತೋರಿಸುತ್ತೇನೆ. ಬಂದವರು ಹಾಗೆಯೇ ಗಡ್ಡವನ್ನೂ ತೆಗೆಸಿಕೊಂಡು ಹೋಗಬಹುದು.

ಆ ಅಂಗಡಿಯ ಯಜಮಾನನನ್ನು ಬೀದಿಯವರೆಲ್ಲ ಬೆಣೆಯಪ್ಪ ಎನ್ನುತ್ತಾರೆ. ಚೌಕಟ್ಟಿನಲ್ಲಿ ಗಾಜು ಅಲುಗಿದರೆ ಬೆಣೆ. ಮೇಜು ಕುಂಟಿದರೆ ಬೆಣೆ. ಬಾಗಿಲು ಬಡಿದುಕೊಂಡರೆ ಬೆಣೆ. ಅವನ ಒಂದು ಕಿವಿಯ ಹಿಂದೆ ಪೆನ್ಸಿಲ್, ಇನ್ನೊಂದರ ಹಿಂದೆ ಮರದ ಬೆಣೆ. ಸೂರ್ಯ ಕೊಂಚ ವಾಲಿದ್ದಾನೆ ಎಂದು ಯಾರಾದರೂ ಹೇಳಿದ್ದರೆ ಏಣಿ ತಂದು ಹತ್ತಿಬಿಡುತ್ತಿದ್ದ. ಆದರೆ ಗಾಜು ಕತ್ತರಿಸುವುದರಲ್ಲಿ ಅವನಿಗೆ ಮೂರು ಲೋಕದಲ್ಲೂ ಸಾಟಿಯಿಲ್ಲ. ಅವನು ಗೀರೆಳೆದರೆ ಸಾಕು, ಗಾಜು ‘ಆಯಿತು ಸ್ವಾಮಿ’ ಎಂದು ತಾನೇ ಎರಡಾಗುತ್ತದೆ.

ಗಾಡಿ ಓಡಿಸುವವಳು ಅವನ ದೊಡ್ಡ ಮಗಳು. ಅವಳು ಹಿಂದಕ್ಕೆ ಗಾಡಿ ತೆಗೆಯುವ ಚೆಂದ ನೋಡಲು ನಾನು ಎಷ್ಟೋ ಸಲ ಗಿರಾಕಿಯ ಮುಖದ ಮೇಲೆ ನೊರೆ ಹಾಗೇ ಬಿಟ್ಟು ಹೊರಗೆ ಬಂದಿದ್ದೇನೆ. ಸೂಜಿಯ ಕಣ್ಣಿನೊಳಗೆ ದಾರ ಪೋಣಿಸಿದ ಹಾಗೆ ಆ ಇಕ್ಕಟ್ಟಿನ ಓಣಿಗೆ ಗಾಡಿಯನ್ನು ಪೋಣಿಸುತ್ತಾಳೆ. ಅಂಥವಳು ಒಂದು ಬೆಳಿಗ್ಗೆ ದೊಡ್ಡ ಕನ್ನಡಿ ಹೇರಿಕೊಂಡು ಹೋದವಳು, ಚೂರುಗಳನ್ನು ಹೇರಿಕೊಂಡು ಬಂದಳು.

ಗೋಡೆಯಾಚೆಯಿಂದ ಬೆಣೆಯಪ್ಪನ ಗಂಟಲು ಕೇಳಿತು.

“ಮತ್ತೆ ಒಡೆದ್ಯಾ?”

“ನಾನು ಒಡೀಲಿಲ್ಲಪ್ಪ. ಗಾಡಿ ಒಡೀತು. ಹೆದ್ದಾರೀಲಿ ಎಂಬತ್ತರ ಹತ್ತಿರ ಹೋದ್ರೆ ಸಾಕು, ಗಡಗಡ ನಡುಗುತ್ತೆ.”

“ನಾನು ಓಡಿಸ್ದಾಗ ಯಾಕೆ ನಡುಗಲ್ಲ? ಹಸು ಇದ್ದ ಹಾಗಿರುತ್ತೆ!”

“ನೀನು ಓಡ್ಸೋದು ಎಲ್ಲಿಂದ ಎಲ್ಲಿಗೆ? ಅಂಗಡಿಯಿಂದ ಮನೆಗೆ. ಗೋಡೆ ಮೇಲೆ ನಡೆಯೋ ಬೆಕ್ಕು ನಿನ್ನ ಓವರ್‌ಟೇಕ್ ಮಾಡುತ್ತೆ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಸಾಕು. ಮುಂದಿನ ವಾರದಿಂದ ಬೇರೆ ಡ್ರೈವರ್ ಬರ್ತಾನೆ. ನೀನು ಒಳಗೆ ಕೂತು ಗಾಜು ಒರೆಸ್ಕೊಂಡಿರು.”

ಗಾಡಿಯ ಬೀಗದಕೈ ಮೇಜಿನ ಮೇಲೆ ಬಿದ್ದ ಸದ್ದು ಕೇಳಿತು. ಅವಳ ಪಾಲಿಗೆ ಸ್ಟೀರಿಂಗ್ ಬಿಡುವುದೆಂದರೆ ಹಕ್ಕಿ ರೆಕ್ಕೆ ಕಳಚಿಟ್ಟಂತೆ.

ಆಗ ನನ್ನ ಕುರ್ಚಿಯಲ್ಲಿ ಕೂದಲು ಕತ್ತರಿಸಿಕೊಳ್ಳುತ್ತ ಕೂತಿದ್ದವರು ಯಾರೆಂದುಕೊಂಡಿರಿ? ಬೆಣೆಯಪ್ಪನ ಸ್ವಂತ ಅಕ್ಕ. ಆಯಸ್ಸಿನ ಅರ್ಧ ಲಾರಿ ಓಡಿಸಿದ ಹೆಂಗಸು, ಬೀದಿಗೆಲ್ಲ ಲಾರಿ ಅತ್ತೆ. ಅವರ ನಗು ಕೇಳಿದರೆ ಎದುರು ಬರುವ ಬಸ್ಸು ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. “ತೆಗಿಯಯ್ಯ ಕತ್ತರಿ” ಎಂದವರೇ, ಅರ್ಧ ತಲೆ ಕತ್ತರಿಸಿ ಅರ್ಧ ಬಿಟ್ಟಿದ್ದ ಹಾಗೆಯೇ, ಕೊರಳಿಗೆ ಟವೆಲ್ ಸುತ್ತಿಕೊಂಡು ಗಾಜಿನಂಗಡಿಗೆ ನುಗ್ಗಿದರು. ಬಾಚಣಿಗೆ ಹಿಡಿದು ನಾನೂ ಹಿಂದೆ ಹೋದೆ. ಇಂಥ ಹೊತ್ತಿನಲ್ಲಿ ನಾನಿಲ್ಲದೆ ಹೇಗೆ?

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯೇನೋ?” ಎಂದು ತಮ್ಮನನ್ನು ಗದರಿ, ಅವನ ಮಗಳ ಕಡೆ ತಿರುಗಿದರು. “ನೀನು ಹೇಳಮ್ಮ. ನಡುಕ ಎಷ್ಟರಲ್ಲಿ ಶುರು ಆಗುತ್ತೆ?”

“ಅರವತ್ತರ ತನಕ ಏನಿಲ್ಲ ಅತ್ತೆ. ಎಪ್ಪತ್ತು ದಾಟಿದ ಮೇಲೆ ಶುರು. ಎಂಬತ್ತರಲ್ಲಿ ಜೋರು.”

“ಎಲ್ಲಿ ನಡುಗುತ್ತೆ? ಕೈಯಲ್ಲೋ, ಕೂತ ಜಾಗದಲ್ಲೋ?”

“ಸೀಟಲ್ಲಿ, ಕಾಲ ಕೆಳಗೆ. ಸ್ಟೀರಿಂಗ್ ಅಷ್ಟಾಗಿ ನಡುಗಲ್ಲ.”

“ಬ್ರೇಕ್ ಒತ್ತಿದ್ರೆ ಜಾಸ್ತಿ ಆಗುತ್ತಾ?”

“ಇಲ್ಲ. ಆಕ್ಸಿಲರೇಟರ್ ತುಳಿದ್ರೆ ಜಾಸ್ತಿ, ಕಾಲು ತೆಗೆದ್ರೆ ಸ್ವಲ್ಪ ಕಮ್ಮಿ.”

ಅತ್ತೆ ತಮ್ಮನ ಮುಖ ನೋಡಿದರು. “ಕೇಳಿದ್ಯಾ? ಡಾಕ್ಟರ ಹತ್ರ ಹೋದ ರೋಗಿಗಳೂ ಇಷ್ಟು ನೆಟ್ಟಗೆ ಹೇಳಲ್ಲ. ಕೈಯಲ್ಲಿ ಸ್ಟೀರಿಂಗ್ ನಡುಗಿದ್ರೆ ಮುಂದಿನ ಚಕ್ರ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ರೆ ಬ್ರೇಕ್ ನೋಡಬೇಕು. ಕೂತ ಜಾಗ ನಡುಗಿದ್ರೆ ಹಿಂದೆ ನೋಡು, ಗಾಡಿ ಹೊಟ್ಟೆ ಕೆಳಗೆ ನೋಡು.”

“ಹಾಗಾದ್ರೆ ಈಗ್ಲೇ ಹೊಟ್ಟೆ ಕೆಳಗೆ ಮಲ್ಕೋತೀನಿ” ಎಂದಳು ಮಗಳು.

“ತಡಿ. ಮೊದ್ಲು ಸುಲಭದ್ದು.”

ಸುಲಭದ್ದು ಎಂದರೆ ಚಕ್ರ. ನಾಲ್ಕೂ ಟೈರಿನ ಗಾಳಿ ನೋಡಿದರು. ಎಲ್ಲಾದರೂ ಉಬ್ಬಿದೆಯೇ, ಸೀಳಿದೆಯೇ ಎಂದು ಅತ್ತೆ ಅಂಗೈಯಿಂದ ಸವರಿ ಸವರಿ ನೋಡಿದರು. ರಿಮ್ಮಿನ ಒಳಮೈಗೆ ಮೆತ್ತಿ ಒಣಗಿದ್ದ ಮಣ್ಣನ್ನು ಮಗಳು ಕೆರೆದು ತೆಗೆದಳು. ಅದರಲ್ಲಿ ಒಂದು ಮನೆ ಕಟ್ಟಿ ಮೇಲೆ ಮಹಡಿಯನ್ನೂ ಎಬ್ಬಿಸಬಹುದಿತ್ತು, ಅಷ್ಟು ಮಣ್ಣು! ಚಕ್ರದ ನಟ್ಟುಗಳನ್ನು ಬಿಗಿ ಮಾಡಿ, ಟೈರ್ ಅಂಗಡಿಗೆ ಹೋಗಿ ಚಕ್ರಗಳ ಬ್ಯಾಲೆನ್ಸ್ ನೋಡಿಸಿದರು. ಹಿಂದಿನ ಒಂದು ಚಕ್ರಕ್ಕೆ ಅಂಟಿಸಿದ್ದ ತೂಕದ ತುಂಡು ಉದುರಿಹೋಗಿತ್ತು. ಹೊಸದು ಹಾಕಿಸಿ ಮಗಳು ಹೆದ್ದಾರಿಗೆ ಹೋಗಿ ಬಂದಳು.

“ಕಮ್ಮಿ ಆಗಿದೆ ಅತ್ತೆ. ಆದ್ರೆ ಪೂರ್ತಿ ಹೋಗಿಲ್ಲ.”

ಬೆಣೆಯಪ್ಪ ಎದೆಯುಬ್ಬಿಸಿದ. “ಗಾಡಿ ದೋಷ ಹೋಯ್ತು. ಉಳಿದಿರೋದು ಇವಳ ಕೈ ದೋಷ.”

“ಹಂಗಾದ್ರೆ ನೀನೇ ಓಡ್ಸು. ಎಂಬತ್ತರಲ್ಲಿ” ಎಂದರು ಅತ್ತೆ.

ಬೆಣೆಯಪ್ಪನ ಮೀಸೆ ಇಳಿಯಿತು. ಆದರೆ ಬೀದಿಯೆಲ್ಲ ನೋಡುತ್ತಿತ್ತು. ಬೀದಿ ನೋಡದಿದ್ದರೂ ನಾನು ನೋಡುತ್ತಿದ್ದೆ. ನಾನು ನೋಡಿದರೆ ಊರೇ ನೋಡಿದ ಹಾಗೆ.

ಆಗ ಮಗಳಿಗೆ ಹೊಳೆದ ಉಪಾಯ ಗಾಜಿನ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಹೊಳೆಯುವಂಥದ್ದು. ಒಡೆದ ಕನ್ನಡಿಯಿಂದ ಎರಡು ಚೂರು ಆರಿಸಿ, ಅಂಚು ಉಜ್ಜಿ, ಒಂದನ್ನು ಗಾಡಿಯೊಳಗಿನ ಡ್ಯಾಶ್‌ಬೋರ್ಡ್ ಹಲಗೆಗೆ, ಇನ್ನೊಂದನ್ನು ಸೀಟುಗಳ ನಡುವಿನ ನೆಲಕ್ಕೆ ಅಂಟಿಸಿದಳು. ಓರೆ ಬಿಸಿಲು ಬಿದ್ದು ಗಾಡಿಯ ಚಾವಣಿಯ ಮೇಲೆ ಎರಡು ಬೆಳಕಿನ ಚುಕ್ಕೆ ಮೂಡಿದವು. “ನಾನು ನಡುಗ್ತೀನೋ ಗಾಡಿ ನಡುಗುತ್ತೋ ಇವು ಹೇಳ್ತವೆ” ಎಂದಳು. “ಆದ್ರೆ ಅಪ್ಪ, ನೀನು ಮೇಲೆ ನೋಡ್ಬೇಡ. ರಸ್ತೆ ನೋಡು. ಚುಕ್ಕೆ ನಾವು ನೋಡ್ತೀವಿ.”

ಎರಡು ಸಾಲು ಸೀಟಿನ ಗಾಡಿ. ಎಲ್ಲರೂ ಬೆಲ್ಟ್ ಹಾಕಿಕೊಂಡೆವು. ನಾನಂತೂ ಇದ್ದ ಬೆಲ್ಟ್ ಸಾಲದೆ ಮುಂದಿನ ಸೀಟನ್ನೂ ತಬ್ಬಿಕೊಂಡೆ.

ಹೆದ್ದಾರಿ ಬಿಕೋ ಎನ್ನುತ್ತಿತ್ತು. ನಲವತ್ತರಲ್ಲಿ ಎರಡೂ ಚುಕ್ಕೆಗಳು ಮಲಗಿದ ಮಕ್ಕಳಂತಿದ್ದವು. ಅರವತ್ತರಲ್ಲೂ ಹಾಗೆಯೇ. ಎಪ್ಪತ್ತು ದಾಟಿತು. ಹಲಗೆಯ ಚುಕ್ಕೆ ಸುಮ್ಮನಿತ್ತು, ನೆಲದ ಚುಕ್ಕೆ ಮೆಲ್ಲಗೆ ಹೊರಳಿತು. ಎಂಬತ್ತಾಯಿತು ನೋಡಿ! ನೆಲದ ಚುಕ್ಕೆ ಚಾವಣಿಯ ಮೇಲೆ ಆಡಿದ ಆಟಕ್ಕೆ ಮಿಂಚೇ ನಾಚಿ ಮೋಡದೊಳಗೆ ಹೋಗಬೇಕು. ನನ್ನ ಹಲ್ಲುಗಳು ಒಂದನ್ನೊಂದು ಮಾತಾಡಿಸತೊಡಗಿದವು.

ಮಗಳು ಹಿಂದಿನ ಸೀಟಿನಿಂದ ಮೆತ್ತಗೆ ಕೇಳಿದಳು: “ಅಪ್ಪ, ಈಗ ಸ್ಟೀರಿಂಗ್ ಮೇಲೆ ಯಾರ ಕೈ ಇದೆ?”

ಬೆಣೆಯಪ್ಪ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸಿಗ್ನಲ್ ಹಾಕಿ, ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಆಮೇಲೆ ಹಣೆ ಒರೆಸಿಕೊಂಡು, “ಇದನ್ನ ಹಿಡ್ಕೊಂಡು ನೀನು ದಿನಾ ಹೋಗ್ತಿದ್ಯೇನೇ?” ಎಂದ. ದನಿಯಲ್ಲಿ ಜಗಳ ಇರಲಿಲ್ಲ. ಹೆದರಿದ್ದ. ವಾಪಸು ಬರುವಾಗ ಬೆಕ್ಕಿಗಿಂತ ನಿಧಾನವಾಗಿ ಬಂದೆವು.

ಅಂಗಡಿಯ ಮುಂದಿನ ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು ಅತ್ತೆ ಕೆಳಗೆ ತೂರಿದರು. ಪಕ್ಕದಲ್ಲಿ ಮಗಳು ಟಾರ್ಚ್ ಹಿಡಿದು ಮಲಗಿದಳು.

“ಈ ಉದ್ದ ಕೊಳವೆ ಕಾಣುತ್ತಾ? ಪ್ರೊಪೆಲ್ಲರ್ ಶಾಫ್ಟ್. ಇಂಜಿನ್ನಿನ ತಾಕತ್ತನ್ನ ಹಿಂದಿನ ಚಕ್ರಕ್ಕೆ ಒಯ್ಯೋದು ಇದೇ. ಎರಡೂ ತುದೀಲಿ ಕೀಲು ಇದೆ ನೋಡು. ಹಿಡಿದು ಅಲ್ಲಾಡಿಸು.”

“ಹಿಂದಿಂದು ಸಡಿಲ ಇದೆ ಅತ್ತೆ, ಲಟಲಟ ಅನ್ನುತ್ತೆ. ಮತ್ತೆ ಇದೇನಿದು? ಹಿಂದಿನ ಚಕ್ರದ ಆಕ್ಸಲ್ಲಿಗೂ ಸ್ಪ್ರಿಂಗ್ ಪಟ್ಟಿಗೂ ಮಧ್ಯ ಮರ ಇದೆಯಲ್ಲ!”

ಬೆಣೆಯಪ್ಪ ಆಕಾಶ ನೋಡಿದ.

“ನೀನೇ ಹಾಕಿದ್ದೇನೋ?” ಗಾಡಿಯ ಅಡಿಯಿಂದ ಅತ್ತೆಯ ದನಿ.

“ಗಾಜು ಹೇರಿದ್ರೆ ಹಿಂದೆ ಕುಕ್ಕರಿಸ್ತಿತ್ತಲ್ಲಕ್ಕ. ಎರಡೂ ಕಡೆ ಒಂದೊಂದು ಬೆಣೆ ಕೊಟ್ಟೆ. ಒಳ್ಳೇ ಗಟ್ಟಿ ಮರ. ಒಂದಿಷ್ಟು ಎತ್ತರ ಆಯ್ತು.”

“ಎತ್ತರಾನೂ ಆಯ್ತು, ಆಕ್ಸಲ್ ಓರೆನೂ ಆಯ್ತು! ಕುಣಿಯೋಳಿಗೆ ಬೈದ್ಯಲ್ಲ, ಇಲ್ಲಿ ನೆಲಾನೇ ಡೊಂಕು ಕಣೋ. ಡೊಂಕು ಮಾಡ್ದೋನು ನೀನು!” ಎಂದು ಅತ್ತೆ ಹೊರಗೆ ಬಂದರು. ಅರ್ಧ ತಲೆಯಲ್ಲಿ ಧೂಳು, ಇನ್ನರ್ಧದಲ್ಲಿ ಗ್ರೀಸು. ಆದರೂ ಅಂಥ ರಾಜಕಳೆಯನ್ನು ನಾನು ಯಾವ ತಲೆಯಲ್ಲೂ ಕಂಡಿಲ್ಲ.

“ನೀನೂ ಇವಳೂ ದೊಡ್ಡ ಗಾಜು ಹೊರ್ತೀರಲ್ಲ” ಎಂದು ತಮ್ಮನಿಗೆ ತಿಳಿಹೇಳಿದರು. “ಇಬ್ಬರ ಮಣಿಕಟ್ಟೂ ಒಂದೇ ಸಮ ಬಾಗಿದ್ರೆ ಗಾಜು ಸುಮ್ನಿರುತ್ತೆ. ಒಬ್ಬರದು ಜಾಸ್ತಿ ಬಾಗಿದ್ರೆ? ನಿಧಾನ ನಡೆದ್ರೆ ಹೇಗೋ ಸಾಗುತ್ತೆ. ಓಡಿದ್ರೆ?”

“ಬಡಿದಾಡುತ್ತೆ.”

“ಶಾಫ್ಟೂ ಅಷ್ಟೆ. ಎರಡು ಕೀಲೂ ಸಮ ಬಾಗಿರಬೇಕು. ನೀನು ಒಂದನ್ನ ಓರೆ ಮಾಡ್ದೆ. ನಿನ್ನ ನಲವತ್ತಕ್ಕೆ ಅದು ಸಹಿಸ್ಕೊಂಡಿತ್ತು, ಇವಳ ಎಂಬತ್ತಕ್ಕೆ ಕೂಗಾಡ್ತು. ಕೀಲು ಸವೀತು. ಮರ ಜಜ್ಜಿಹೋಗಿ ಆಕ್ಸಲ್ ಬಿಗಿದ ಬೋಲ್ಟುಗಳೂ ಸಡಿಲ ಆಗಿವೆ. ಇನ್ನೊಂದಿಷ್ಟು ದಿನ ಹೀಗೇ ಓಡಿದ್ದಿದ್ರೆ ಒಡೀತಿದ್ದಿದ್ದು ಬರೀ ಕನ್ನಡಿ ಅಲ್ಲ.”

ಬೆಣೆಯಪ್ಪ ಮಗಳ ಕಡೆ ನೋಡಿದ. ಮಗಳು ಟಾರ್ಚ್ ಆರಿಸಿದಳು.

ಗಾಡಿಯನ್ನು ಓಡಿಸದೆ, ಎಳೆಸಿಕೊಂಡು ಗ್ಯಾರೇಜಿಗೆ ಒಯ್ದರು. ಮೆಕ್ಯಾನಿಕ್ ಬೆಣೆಗಳನ್ನು ಕಿತ್ತ. ಶಾಫ್ಟ್ ಬಿಚ್ಚುವ ಮೊದಲು, ಇದ್ದ ಹಾಗೆಯೇ ವಾಪಸು ಕೂರಿಸಲೆಂದು ಸೀಮೆಸುಣ್ಣದ ಗುರುತು ಹಾಕಿಕೊಂಡ. ಅವನು ಹೇಳುವ ಮೊದಲೇ ಮಗಳು ಸೀಮೆಸುಣ್ಣ ಹಿಡಿದು ನಿಂತಿದ್ದಳು, ಬೇಕಾದರೆ ಆಣೆ ಮಾಡುತ್ತೇನೆ. ಹೊಸ ಕೀಲು ಹಾಕಿ, ಬೋಲ್ಟುಗಳನ್ನು ಅಳತೆಗೆ ತಕ್ಕಂತೆ ಬಿಗಿದ. ಹಿಂಭಾಗ ಕುಕ್ಕರಿಸದಿರಲು ಆ ಗಾಡಿಗೆ ಹೊಂದುವ ಸ್ಪ್ರಿಂಗ್ ಪಟ್ಟಿ ಸೇರಿಸಿದ. ಗಾಡಿ ಹೊರಬೇಕಾದದ್ದಕ್ಕಿಂತ ಹೆಚ್ಚು ಗಾಜು ಹೇರಬೇಡಿ ಎಂದೂ ಹೇಳಿದ.

ಮುಂದಿನ ವಾರ ಬಂತು. ಹೊಸ ಡ್ರೈವರ್ ಬಂದ. ಬೆಣೆಯಪ್ಪ ಅವನನ್ನು ಬಾಗಿಲಲ್ಲೇ ತಡೆದು, “ತಪ್ಪು ತಿಳ್ಕೋಬೇಡಪ್ಪ, ಈ ಗಾಡಿಗೆ ಡ್ರೈವರ್ ಇದ್ದಾಳೆ” ಎಂದು ಕಳಿಸಿದ. ಅಂದು ಹೇರಿದ ಕನ್ನಡಿ ಎಷ್ಟು ದೊಡ್ಡದೆಂದರೆ ಅದರಲ್ಲಿ ನಮ್ಮ ಬೀದಿ ಪೂರ್ತಿ ಕಾಣಿಸಿ ಪಕ್ಕದ ಬೀದಿಗೂ ಜಾಗ ಉಳಿದಿತ್ತು. ಮಗಳ ಪಕ್ಕದಲ್ಲಿ ಅಪ್ಪ ಕೂತ. ಹೆದ್ದಾರಿಯಲ್ಲಿ ಎಂಬತ್ತು ಮುಟ್ಟಿದಾಗ, ಎಲ್ಲಾದರೂ ನಡುಗುತ್ತಿದೆಯಾ ಎಂದು ಕೇಳಲು ಅವಳು ತಿರುಗಿದರೆ, ಬೆಣೆಯಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದನಂತೆ. ಇಷ್ಟು ವರ್ಷದಲ್ಲಿ ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಅವನು ರೆಪ್ಪೆ ಮುಚ್ಚಿದ್ದು ಅದೇ ಮೊದಲು. ಅವಳು ಎಬ್ಬಿಸಲಿಲ್ಲ. ಕನ್ನಡಿ ಒಂದು ಗೀರೂ ಇಲ್ಲದೆ ಇಳಿಯಿತು.

ಓದುವ ಅಣ್ಣ, ಅಕ್ಕ, ಇಷ್ಟು ಹೊತ್ತು ನಾನು ಬಿಟ್ಟ ಬುರುಡೆಗಳನ್ನು ಇಲ್ಲೇ ಬಿಟ್ಟುಹೋಗಿ, ಇದೊಂದನ್ನು ಮಾತ್ರ ಒಯ್ಯಿರಿ. ಊರೊಳಗೆ ಸುಮ್ಮನಿದ್ದು ಹೆದ್ದಾರಿಯಲ್ಲಿ ನಡುಗುವ ಗಾಡಿ ನಿಮ್ಮ ಮನೆಯಲ್ಲೂ ಇರಬಹುದು. ರಸ್ತೆ ಸರಿಯಿಲ್ಲ, ಕೈ ಸರಿಯಿಲ್ಲ ಎನ್ನುತ್ತ ದಿನ ದೂಡಬೇಡಿ. ಎಷ್ಟು ವೇಗದಲ್ಲಿ, ಎಲ್ಲಿ, ಏನು ಮಾಡಿದಾಗ ನಡುಗುತ್ತದೆ ಎಂದು ಗಮನಿಸಿ ಮೆಕ್ಯಾನಿಕ್ಕಿಗೆ ಹೇಳಿ. ಗಾಳಿ, ಟೈರು, ನಟ್ಟು, ಚಕ್ರದ ಬ್ಯಾಲೆನ್ಸು ಮೊದಲು. ಅಷ್ಟಕ್ಕೆ ನಡುಕ ಕಡಿಮೆಯಾಗಿ ಪೂರ್ತಿ ಹೋಗದಿದ್ದರೆ ಅಲ್ಲಿಗೇ ನಿಲ್ಲಿಸದೆ ಗಾಡಿಯ ಕೆಳಗನ್ನೂ ತೋರಿಸಿ. ಆಕ್ಸಲ್ಲು, ಸ್ಪ್ರಿಂಗುಗಳಿಗೆ ಮನೆಯ ಮರ, ರಬ್ಬರು, ತಗಡು ತುರುಕಬೇಡಿ. ಮತ್ತೆ, “ಗಾಡಿ ನಡುಗ್ತಿದೆ” ಎಂದು ಓಡಿಸುವವರು ಹೇಳಿದರೆ ಮೊದಲು ನಂಬಿ. ಆ ನಡುಕದ ಮೇಲೆ ಕೂತಿರುವವರು ನೀವಲ್ಲ, ಅವರು.