ರುಪ್ರೆಕ್ಟ್ ಆಗದ ಕೂಸು

ನಮ್ಮ ಎರ್ಲೆನ್‌ಬರ್ಗಿನ ಅರಮನೆಯಲ್ಲಿ ತೊಟ್ಟಿಲೂ ಒಂದೇ, ಹೆಸರೂ ಒಂದೇ. ಮೊದಲ ಗಂಡುಮಗು ರುಪ್ರೆಕ್ಟ್. ಅದು ತೀರಿಕೊಂಡರೆ ಮುಂದಿನದು ರುಪ್ರೆಕ್ಟ್. ಅಣ್ಣನ ಅಂಗಿ ತಮ್ಮನಿಗೆ ಬರುವುದು ಬಡವರ ಮನೆಯ ಪಾಡು. ದೊರೆಗಳ ಮನೆಯಲ್ಲಿ ಹೆಸರೇ ಬರುತ್ತಿತ್ತು. ಸೂಲಗಿತ್ತಿಯಾದ ನಾನು ಮೂವರು ರುಪ್ರೆಕ್ಟರನ್ನು ಈ ಕೈಯಲ್ಲೇ ಎತ್ತಿಕೊಂಡಿದ್ದೇನೆ. ಮೂವರೂ ಈಗ ಇಗರ್ಜಿಯ ನೆಲಮಾಳಿಗೆಯ ಗೋರಿಗಳಲ್ಲಿದ್ದಾರೆ. ವೈದ್ಯರು ಹಲ್ಲಿನ ಬೇನೆ ಎಂದರು, ಹುಳು ಎಂದರು, ಗ್ರಹಗತಿ ಎಂದರು. ಗೊತ್ತಿಲ್ಲ ಎಂದವನನ್ನು ಮಾತ್ರ ನಾನು ಕಾಣೆ.

ನಾಲ್ಕನೆಯದು ಚಳಿಗಾಲದ ಬೆಳಗ್ಗೆ ಹುಟ್ಟಿತು, ಅದೂ ಗಂಡು. ರಾಣಿ ವಾಲ್‌ಬುರ್ಗಾ ನನ್ನ ತೋಳು ಹಿಡಿದೆಳೆದರು.

"ಪಾದ್ರಿ ಬರೋಕೆ ಮುಂಚೆ ನೀನೇ ನೀರು ಹಾಕ್ಬಿಡೇ. ಬೇರೆ ಹೆಸರಿಡು. ಆ ಹೆಸರು ಬಾಯಿಗೆ ಬಂದ್ರೆ ಮೂರು ಶವಪೆಟ್ಟಿಗೆ ಕಣ್ಣಿಗೆ ಕಟ್ಟುತ್ತೆ."

ಕೂಸು ಉಳಿಯುವಂತಿಲ್ಲದಿದ್ದರೆ ಸೂಲಗಿತ್ತಿಯೇ ತಲೆಗೆ ಜ್ಞಾನಸ್ನಾನದ ನೀರು ಸುರಿದು ಹೆಸರಿಡಬಹುದು. ಹಾಗಿಟ್ಟ ಹೆಸರನ್ನು ಪೋಪ್ ಬಂದರೂ ಅಳಿಸುವಂತಿಲ್ಲ.

"ಯಾವ ಹೆಸರು ಅಮ್ಮಣ್ಣೀ?" ಎಂದೆ. ಅದನ್ನು ಅವರು ಯೋಚಿಸಿರಲೇ ಇಲ್ಲ. ಹೊರಗೆ ಬೂಟುಗಳ ಸದ್ದು ಕೇಳಿಸಿತು. ಗಡಿಬಿಡಿಯಲ್ಲಿ ನನ್ನ ಗಂಡನ ಹೆಸರನ್ನೇ ಇಟ್ಟುಬಿಟ್ಟೆ.

"ಜೋಬ್ಸ್ಟಾ?" ಪಾದ್ರಿಯೊಡನೆ ಒಳಬಂದ ದೊರೆ ಹೆಸರು ಕೇಳಿ ಕೆಂಡವಾದರು. "ಅದು ಹಂದಿ ಕಾಯೋನ ಹೆಸರು."

"ಇಲ್ಲ ಬುದ್ಧಿ, ಹಂದಿ ಕಾಯೋನು ವೈಟ್. ಜೋಬ್ಸ್ಟ್ ನಮ್ಮ ಯಜಮಾನ್ರು. ಪೀಪಾಯಿ ಮಾಡ್ತಾರೆ."

ಪಾದ್ರಿ ನನ್ನತ್ತ ತಿರುಗಿದರು. "ಕೂಸಿನ ಜೀವಕ್ಕೆ ಅಪಾಯ ಇತ್ತೇನಮ್ಮಾ?"

ಕೂಸು ಸೂರು ಹಾರಿಹೋಗುವಂತೆ ಅರಚುತ್ತಿತ್ತು. "ಈ ಮನೇಲಿ ಹುಟ್ಟಿತಲ್ಲ ಸ್ವಾಮಿ, ಇನ್ನೇನಾಗ್ಬೇಕು?"

ಪಾದ್ರಿ ಕೆಮ್ಮಿದರು. "ನೀರು ಬಿದ್ದಾಯ್ತು ದೊರೆ. ಎರಡನೇ ಸಲ ಹಾಕೋದು ಪಾಪ."

"ನಮ್ಮಮ್ಮ ಬರ್ಲಿ," ಎಂದು ದೊರೆ ನನ್ನನ್ನು ಗದರಿದರು. "ರುಪ್ರೆಕ್ಟ್ ಅನ್ನೋದು ನಮ್ಮ ಮನೆತನದ ಹೆಸರು. ನಿನ್ನ ಚರ್ಮ ಸುಲಿಸ್ತಾಳೆ."

ದೊರೆಯ ತಾಯಿ, ಮುದಿ ರಾಣಿ ಕುನಿಗುಂಡೆ ಎಂದರೆ ಅರಮನೆಯ ಬೆಕ್ಕೂ ಮಂಚದಡಿ ಸೇರುತ್ತದೆ. ಕೋಲೂರಿಕೊಂಡು ಬಂದರು, ನಡೆದದ್ದನ್ನು ಕೇಳಿದರು, ಕೂಸನ್ನು ನೋಡಿದರು. ಬಾಣಂತಿ ಕಂಬಳಿಯೊಳಗೆ ನನ್ನ ಬೆರಳು ಹಿಡಿದುಕೊಂಡಿದ್ದರು.

"ಒಳ್ಳೇದಾಯ್ತು ಬಿಡು," ಎಂದು ಮುದಿ ರಾಣಿ ಮಂಚದ ಅಂಚಿನಲ್ಲಿ ಕುಳಿತರು. "ನನ್ನ ಮೊದಲನೇ ರುಪ್ರೆಕ್ಟ್ ಹೋದಾಗ ಬಾಗಿಲು ಹಾಕ್ಕೊಂಡು ಅವನ ಹೆಸರು ಹಿಡಿದು ಅಳ್ತಿದ್ದೆ. ಅದು ನಿಲ್ಲೋಕೆ ವರ್ಷಗಳೇ ಹಿಡೀತು. ಆ ನಡುವೆ ಎರಡನೇ ರುಪ್ರೆಕ್ಟ್ ಹುಟ್ಟಿ ಓಡಾಡ್ತಿದ್ದ. ನಾನು ಒಳಗೆ ಹೆಸರು ಹಿಡಿದು ಅತ್ರೆ, ಅವನು ಹೊರಗೆ ಬಾಗಿಲು ಬಡೀತಿದ್ದ. ಬಂದೆ ಅಮ್ಮಾ ಅಂತ."

ಆ ಎರಡನೆಯವನೇ ನಮ್ಮ ದೊರೆ. ಅವರ ಮುಖದ ಸಿಟ್ಟೆಲ್ಲ ಇಳಿದುಹೋಯಿತು. ಗಡ್ಡ ನರೆತ ಆಸಾಮಿ ಮಗುವಿನಂತೆ ನಿಂತಿದ್ದರು. ಅಯ್ಯೋ ಪಾಪ ಅನ್ನಿಸಿತು ನನಗೆ.

"ಹಂಗಾದ್ರೆ ಅವಾಗ ನೀನು ಕರೀತಿದ್ದಿದ್ದು ನನ್ನನ್ನಲ್ವಾ ಅಮ್ಮಾ?"

ಮುದಿ ರಾಣಿ ಎದ್ದರು. ಕೂಸನ್ನು ಎತ್ತಿ ಮಗನ ತೋಳಿನಲ್ಲಿಟ್ಟರು.

"ಹಿಡ್ಕೋ. ಕರಿ ಇವನ್ನ."

ದೊರೆ ಕೂಸಿನ ಮುಖಕ್ಕೆ ಬಗ್ಗಿದರು. ಆಮೇಲೆ ಮೆಲ್ಲಗೆ, "ಜೋಬ್ಸ್ಟ್," ಎಂದರು.