ಬಲಗಡೆಯ ಜೇಬು

ಕಂಕುಳ ಹತ್ತಿರ ಏನೋ ಚುಚ್ಚಿತು, ಗುಂಡುಸೂಜಿ, ಅಲುಗಾಡಬೇಡಿ ಸಾರ್, ಕೈ ಎರಡೂ ಅಗಲಿಸಿ ಹಾಗೇ ನಿಂತಿರಿ ಅನ್ನುತ್ತಾರೆ ದರ್ಜಿ, ಹಲ್ಲಿನ ಮಧ್ಯೆ ಇನ್ನಷ್ಟು ಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ, ನಾನು ಬೆದರುಬೊಂಬೆಯ ಹಾಗೆ ನಿಂತಿದ್ದೇನೆ, ಪ್ರಶ್ನೆ ಕೇಳಲು ಬಂದವನು ಈಗ ಇವರ ಮಗನ ಅಂಗಿ ತೊಟ್ಟುಕೊಂಡು, ನನ್ನ ಅಂಗಿಯ ಮೇಲೇ, ಕಚ್ಚಾ ಹೊಲಿಗೆಯ ಅಂಗಿ, ಕಾಲರಿಲ್ಲ, ಗುಂಡಿಯಿಲ್ಲ. ಹೊಲಿದಿಟ್ಟಿರ್ತೀನಿ, ಬಂದ ತಕ್ಷಣ ಹಾಕ್ಕೊಳ್ಳಲಿ, ಆದ್ರೆ ತೊಡಿಸಿ ನೋಡೋಕೆ ಒಂದು ಮೈ ಬೇಕಲ್ಲ ಸಾರ್, ನಿಮ್ಮದೂ ಅವನದೂ ಒಂದೇ ಕಟ್ಟು, ಹೊಟ್ಟೆ ಮಾತ್ರ ನಿಮಗೆ ಒಂದು ಕೈ ಜಾಸ್ತಿ, ಅದನ್ನ ಬಿಟ್ಟು ಲೆಕ್ಕ ಹಾಕ್ತೀನಿ. ಒಳಗಿನಿಂದ ಅವರ ಹೆಂಡತಿ, ಬಂದವರನ್ನ ಯಾಕೆ ಗೋಳು ಹೊಯ್ಕೊಳ್ತೀರಿ, ಪಾಪ, ಕೆಲಸದ ಮೇಲೆ ಬಂದಿದ್ದಾರೆ. ಹೌದಮ್ಮ, ಕೆಲಸದ ಮೇಲೆ ಬಂದಿದ್ದೇನೆ, ಗಲಭೆಯ ಹಿಂದಿನ ಮುಖಗಳು ಅಂತ ನನ್ನ ಅಂಕಣ, ವಾರಕ್ಕೊಂದು ಮನೆ, ಅಂಗಡಿ ಸುಟ್ಟುಹೋದವಳು, ಕಾಲು ಕಳೆದುಕೊಂಡ ಡ್ರೈವರು, ಈ ವಾರ ಕಾಣೆಯಾದ ಹುಡುಗನ ತಂದೆ, ಕಣ್ಣೀರು ಬೇಡಪ್ಪ, ಕಣ್ಣೀರಿನ ಹಿಂದಿನ ಕಥೆ ಬೇಕು ಅನ್ನುತ್ತಾರೆ ಸಂಪಾದಕರು, ಹಿಂದೆ ಅಂದರೆ ಎಷ್ಟು ಹಿಂದೆ, ಈ ಊರಲ್ಲಿ ಹಿಂದೆ ಹೋದಷ್ಟೂ ಇನ್ನೊಬ್ಬರ ಕಣ್ಣೀರೇ ಸಿಗುತ್ತದೆ — ಕೈ ನೋಯುತ್ತಿದೆ, ಇಳಿಸಿದರೆ ಚುಚ್ಚುತ್ತದೆ, ಎದೆಯ ಎಡಗಡೆ ನನ್ನ ಒಳಗಿನ ಜೇಬಿನಲ್ಲಿ ಫೋನು ಇವರ ಮಾತನ್ನೆಲ್ಲ ರೆಕಾರ್ಡ್ ಮಾಡುತ್ತಿದೆ. ಮಾತು ಮುಗಿಸಿ ಸಂಜೆಯೊಳಗೆ ಬರೆದು ಕಳಿಸಬೇಕು.

ನೀಲಿ ಚೌಕಳಿ, ಬಂದಾಗಲೇ ನೋಡಿದ್ದೆ, ಮೇಜಿನ ಮೇಲೆ ಹರಡಿತ್ತು, ಬೆಳಿಗ್ಗೆ ಕಂಡ ಅಂಗಿ ನೆನಪಾಯಿತು, ಮರುಕ್ಷಣ ನನ್ನನ್ನೇ ಬೈದುಕೊಂಡೆ, ನೀಲಿ ಚೌಕಳಿ ಯಾರ ಮನೆಯಲ್ಲಿಲ್ಲ, ಬಸ್ಸಿನಲ್ಲಿ ಸೀಟಿಗೊಬ್ಬರು ಸಿಗುತ್ತಾರೆ. ಅವನು ಹೊರಟಾಗ ಹಾಕ್ಕೊಂಡಿದ್ದೂ ಇದೇ ಥಾನಿನದು ಸಾರ್, ಎಷ್ಟು ಇಷ್ಟ ಅಂದ್ರೆ ಒಗೆಯೋಕೆ ಕೊಡ್ತಾ ಇರಲಿಲ್ಲ, ಅವನು ಮಲಗಿದಾಗ ಅವರಮ್ಮನೇ ಬಿಚ್ಚಿ ತಗೋಬೇಕು, ಹಾಗಾಗಿ ಉಳಿದ ಬಟ್ಟೆಯಲ್ಲಿ ಇನ್ನೊಂದು. ಆಗಲೂ ಸಮಾಧಾನ ಹೇಳಿಕೊಂಡೆ, ಬೆಳಿಗ್ಗೆ ಕಾಲುವೆಯ ದಂಡೆಯಲ್ಲಿ ಮಲಗಿದ್ದವನು ಬೇರೆ ಯಾರೋ, ಮುಖಕ್ಕೆ ಪೊಲೀಸರು ಗೋಣಿ ಮುಚ್ಚಿದ್ದರು, ಗುರುತು ಸಿಕ್ಕಿಲ್ಲ ಅಂತ ಬರ್ಕೊಳ್ಳಿ ಅಂದರು, ಬರೆದುಕೊಂಡೆ, ಫೋಟೋ ತೆಗೆದೆ, ಕಳಿಸಿದೆ, ಸಂಪಾದಕರ ಫೋನು ಬಂತು, ಏನಯ್ಯಾ, ಫೋಟೋ ಉಲ್ಟಾ ಕಳಿಸಿದ್ದೀಯಾ, ಅಂಗಿ ಜೇಬು ಬಲಗಡೆ ಬಂದಿದೆ ನೋಡು, ನೋಡಿದೆ, ಫೋಟೋದಲ್ಲಿ ಹಿಂದುಗಡೆ ಬಸ್ ಡಿಪೋದ ಬೋರ್ಡು ಇತ್ತು, ಅಕ್ಷರ ನೆಟ್ಟಗೇ ಇದ್ದವು, ಉಲ್ಟಾ ಅಲ್ಲ ಸಾರ್ ಅಂದೆ, ಹೊಲಿದವನಿಗೆ ತಲೆ ಸರಿ ಇಲ್ಲ ಬಿಡು ಅಂದರು, ನಾನೂ ನಕ್ಕೆ. ಆಮೇಲೆ ನೀರು ಕುಡಿದು ಇಲ್ಲಿಗೆ ಹೊರಟೆ.

ಹೊಲಿದವರು ಈಗ ಚೌಕವಾಗಿ ಕತ್ತರಿಸಿದ ತುಂಡೊಂದನ್ನು ನನ್ನ ಎದೆಗೆ ಇಟ್ಟು ನೋಡುತ್ತಿದ್ದಾರೆ, ಎಡಗಡೆ ಅಲ್ಲ, ಆ ಕಡೆ, ಬೆರಳಿಂದ ಕೂದಲೆಳೆಯಷ್ಟು ಮೇಲೆ, ಕೂದಲೆಳೆಯಷ್ಟು ಪಕ್ಕಕ್ಕೆ, ಅಂಗಿಯ ಗೆರೆ ಬಂದು ಜೇಬಿನ ಗೆರೆಗೆ ಕೂಡುವವರೆಗೆ ಬಿಡುವವರಲ್ಲ. ಎಡಚ ಸಾರ್ ನಮ್ಮವನು, ಚಿಕ್ಕಂದಿನಿಂದ, ಪೆನ್ನು ತೆಗೆಯೋಕೆ ಸುಲಭ ಆಗ್ಲಿ ಅಂತ ಜೇಬು ಬಲಕ್ಕೇ ಇಡೋದು, ಅಂಗಡಿ ಅಂಗಿ ಅವನಿಗೆ ಆಗಿಬರೋದೇ ಇಲ್ಲ, ಊರಲ್ಲಿ ಇಂಥದ್ದು ಇವನೊಬ್ಬನದೇ. ಇವನೊಬ್ಬನದೇ — ಹೇಳಬೇಕು, ಈಗಲೇ ಹೇಳಬೇಕು, ಯಜಮಾನರೇ ಸ್ವಲ್ಪ ಕೂತ್ಕೊಳ್ಳಿ ಅನ್ನಬೇಕು, ಬೇರೆಯವರ ಮನೆಗಳಿಗೆ ಎಲ್ಲ ಮುಗಿದ ಮೇಲೆ ಹೋಗಿದ್ದೇನೆ, ಅಳು ಆಗಿಹೋದ ಮೇಲೆ, ಸುದ್ದಿಯನ್ನು ನಾನೇ ಹೊತ್ತು ಹೋದವನಲ್ಲ, ನನಗೆ ಕೇಳಲು ಬರುತ್ತದೆ, ಹೇಳಲು ಬರುವುದಿಲ್ಲ, ಎಷ್ಟು ಅಸಹಾಯಕನಾದೆ, ಇವರ ಬೆರಳು ನನ್ನ ಎದೆಯ ಮೇಲಿದೆ, ಒಳಗಿನ ಬಡಿತ ಗೊತ್ತಾಗುವುದಿಲ್ಲವೇ. ಒಳಗಿನಿಂದ ಆಕೆ, ಇದಕ್ಕೂ ಬಿಳಿ ಗುಂಡಿನೇ ಹಾಕ್ಲಾ. ಹಾಕು, ಅದಕ್ಕೆ ಬಿಳಿದೇ ಇತ್ತಲ್ಲ. ಇತ್ತು, ನೋಡಿದ್ದೇನೆ, ಮೇಲಿನದೊಂದು ಕಿತ್ತುಹೋಗಿತ್ತು. ಏನೋ ಉಬ್ಬಿದೆಯಲ್ಲ ಸಾರ್ ಇಲ್ಲಿ, ಫೋನಾ, ಅಳತೆ ತಪ್ಪುತ್ತೆ, ನೀವು ಅಲುಗಾಡಬೇಡಿ, ನಾನೇ ತೆಗೀತೀನಿ, ಎರಡೇ ಬೆರಳಲ್ಲಿ ನಾಜೂಕಾಗಿ ಎಳೆದರು, ಬೇಡ ಅಂದೆನೇ, ಅನ್ನಲಿಲ್ಲವೇ, ಫೋನು ಅವರ ಕೈಯಲ್ಲೇ ಗುಂಯ್ ಅಂದಿತು, ನಿಮ್ಮ ಆಫೀಸಿನವರು ಇರಬೇಕು, ನೋಡಿ, ಕೈ ಇಳಿಸಬೇಡಿ, ಅಂತ ನನ್ನ ಮುಖದ ಮುಂದೆ ಹಿಡಿದರು, ಪಾಪ, ತನಗೆ ಕಾಣದ ಹಾಗೆ, ಇನ್ನೊಬ್ಬರದು ಓದಬಾರದು ಅಂತ — ಕೊನೇ ಸಲ ಕೇಳ್ತಿದ್ದೀನಿ, ಪೇಜು ಪ್ರಿಂಟಿಗೆ ಹೋಗ್ತಿದೆ, ಉಲ್ಟಾ ಅಲ್ಲ ತಾನೆ, ಕೆಳಗೆ ನನ್ನದೇ ಫೋಟೋ, ಪರದೆಯ ತುಂಬ ಆ ಎದೆ, ಇಲ್ಲಿ ನನ್ನ ಎದೆ, ಅದೇ ಬಟ್ಟೆ, ಅದೇ ಜೇಬು. ಯಾಕೆ ಸಾರ್, ಮುಖ ಹೀಗಾಯ್ತು, ಸೂಜಿ ಚುಚ್ಚಿತಾ, ಮನೇಲಿ ಎಲ್ಲ ಆರಾಮ ತಾನೆ, ಏನು ಬಂದಿದೆ ಅದರಲ್ಲಿ — ಹಣೆಯ ಮೇಲಿದ್ದ ಕನ್ನಡಕ ಮೂಗಿಗೆ ಇಳಿಯಿತು, ಮಣಿಕಟ್ಟು ತಿರುಗುತ್ತಿದೆ, ಯಜಮಾನರೇ, ನನ್ನ ಕೈಗಳು ಗಾಳಿಯಲ್ಲೇ ಇವೆ, ತಿರುಗುತ್ತಿದೆ, ಬಲಗಡೆ, ಗೆರೆಗೆ ಗೆರೆ ಕೂಡಿದ ಜೇಬು, ಬಲಗಡೆ, ಗೆರೆಗೆ ಗೆರೆ